ನೆಲದಲ್ಲಿ ಪೂರ್ತಿ ಸ್ಪ್ಲಿಟ್ ಬರುತ್ತದೆ, ಲೀಪ್‌ನಲ್ಲಿ ಮಾತ್ರ 0.3 ಕಟ್. ಜಡ್ಜ್‌ಗಳು ಎಂತ ನೋಡುತ್ತಾರೆ?

ಉಡುಪಿ_ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಉಡುಪಿಯವರು. ಮಗಳಿಗೆ 11 ವರ್ಷ, ನಾಲ್ಕು ವರ್ಷದಿಂದ ಜಿಮ್ನಾಸ್ಟಿಕ್ಸ್ ಕಲಿಯುತ್ತಿದ್ದಾಳೆ. ಹೋದ ತಿಂಗಳು ಒಂದು ಸ್ಪರ್ಧೆ ಇತ್ತು. ಫ್ಲೋರ್‌ನಲ್ಲಿ (ನೆಲದ ಮೇಲೆ ಮಾಡುವ ಪ್ರದರ್ಶನ) ಎಲ್ಲೂ ಬೀಳಲಿಲ್ಲ, ಗೆರೆ ದಾಟಲಿಲ್ಲ, ಆದರೂ ನಾವು ಅಂದುಕೊಂಡದ್ದಕ್ಕಿಂತ ತುಂಬಾ ಕಮ್ಮಿ ಅಂಕ ಬಂತು. ಆಮೇಲೆ ಕೋಚ್ ವಿಚಾರಿಸಿಕೊಂಡು ಬಂದು ಹೇಳಿದರು: ಸ್ಪ್ಲಿಟ್ ಲೀಪ್‌ಗೆ (ಓಡಿ ಬಂದು ಒಂದು ಕಾಲಿನಿಂದ ಹಾರಿ, ಗಾಳಿಯಲ್ಲಿ ಒಂದು ಕಾಲು ಮುಂದೆ ಒಂದು ಹಿಂದೆ ಚಾಚುವುದು) 0.3, ಸ್ಪ್ಲಿಟ್ ಜಂಪ್‌ಗೆ (ಅದನ್ನೇ ಎರಡು ಕಾಲಿನಿಂದ ಹಾರಿ ಮಾಡುವುದು) 0.3 ಕಟ್ ಆಗಿದೆ, ಕಾಲು ಪೂರ್ತಿ ತೆರೆದಿಲ್ಲ ಅಂತ.

ನನಗೆ ಅರ್ಥ ಆಗದಿರುವುದು ಇದೇ. ಮನೆಯಲ್ಲಿ ದಿನಾ ಸಂಜೆ ಟಿವಿ ನೋಡುತ್ತಾ ಸ್ಪ್ಲಿಟ್‌ನಲ್ಲೇ ಕೂರುತ್ತಾಳೆ. ಮುಂದಿನ ಕಾಲಿನ ಹಿಮ್ಮಡಿಯನ್ನು ಊಟದ ಮಣೆಯ ಮೇಲೆ ಇಟ್ಟು ಕೂತರೂ ತೊಡೆ ನೆಲಕ್ಕೆ ತಾಗುತ್ತದೆ. ಅಂಥವಳಿಗೆ ಕಾಲು ತೆರೆದಿಲ್ಲ ಅಂದರೆ ಹೇಗೆ? ಅವಳಿಗಿಂತ ಎಷ್ಟೋ ಕೆಳಗೆ ಹಾರಿದ ಇನ್ನೊಂದು ಹುಡುಗಿಗೆ ಅಂಕ ಜಾಸ್ತಿ ಬಂತು. ಇವಳು ಹಾರಿದಾಗ ಜನ ಚಪ್ಪಾಳೆ ಹೊಡೆದರು. ನಮ್ಮ ಯಜಮಾನರು ತೆಂಕುತಿಟ್ಟಿನ ಯಕ್ಷಗಾನ ಕಲಿತವರು, ಸುತ್ತುತ್ತಾ ಹಾರುವ ಧೀಂಗಿಣ ಹಾಕಿ ಅಭ್ಯಾಸ ಇದ್ದವರು, ಅವರೂ "ಇಷ್ಟು ಎತ್ತರ ಹಾರಿದ್ದಕ್ಕೆ ಬೆಲೆಯೇ ಇಲ್ವಾ" ಅಂತ ಬೇಸರ ಮಾಡಿಕೊಂಡರು.

ಜಡ್ಜ್‌ಗಳು ಆ ಒಂದು ಕ್ಷಣದಲ್ಲಿ ನಿಜಕ್ಕೂ ಏನು ನೋಡುತ್ತಾರೆ? ಇದನ್ನು ಪ್ರಶ್ನೆ ಮಾಡಲು ಅವಕಾಶ ಉಂಟಾ? ಇನ್ನೊಂದು ವಿಷಯ, ಸ್ಪರ್ಧೆ ಆದ ಮೇಲೆ ಸ್ಪ್ಲಿಟ್‌ನಲ್ಲಿ ಕೂರಿಸಿ ಸೊಂಟವನ್ನು ಮೇಲಿನಿಂದ ಒತ್ತುತ್ತಿದ್ದಾರೆ. ಎರಡು ದಿನ ಅತ್ತುಕೊಂಡು ಮನೆಗೆ ಬಂದಳು. ಇದು ಬೇಕಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕುಡ್ಲ_ಜಡ್ಜ್

ಅಕ್ಕ, ನಾನು ಮಂಗಳೂರಿನವ. ಕೆಲವು ವರ್ಷ ಜಡ್ಜ್ ಮೇಜಿನಲ್ಲಿ ಕೂತಿದ್ದೇನೆ. ನಿಮ್ಮ ಮಗಳನ್ನು ನಾನು ನೋಡಿಲ್ಲ, ಆದರೆ ನೀವು ಬರೆದದ್ದು ಓದಿದಾಗ ಸುಮಾರು ಅಂದಾಜು ಆಗುತ್ತದೆ.

ಮೊದಲು ಲೆಕ್ಕ ಹೇಳುತ್ತೇನೆ. ಅಂತಾರಾಷ್ಟ್ರೀಯ ನಿಯಮದಲ್ಲಿ ಸ್ಪ್ಲಿಟ್ ಅಂದರೆ ಎರಡು ಕಾಲಿನ ನಡುವೆ 180 ಡಿಗ್ರಿ. ಅದಕ್ಕಿಂತ 20 ಡಿಗ್ರಿವರೆಗೆ ಕಮ್ಮಿ ಇದ್ದರೆ 0.1 ಕಟ್. 20 ದಾಟಿ 45ರವರೆಗೆ ಕಮ್ಮಿ ಇದ್ದರೆ 0.3. 45ಕ್ಕಿಂತಲೂ ಜಾಸ್ತಿ ಕಮ್ಮಿ ಆದರೆ ಅದನ್ನು ಸ್ಪ್ಲಿಟ್ ಲೀಪ್ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಚಿಕ್ಕ ಮಕ್ಕಳ ಸ್ಪರ್ಧೆಯಲ್ಲಿ ಕೆಲವು ನಿಯಮ ಸಡಿಲ ಮಾಡಿರುತ್ತಾರೆ, ಆದರೆ ಕೋನ ನೋಡುವ ರೀತಿ ಹೆಚ್ಚು ಕಮ್ಮಿ ಇದೇ.

ಈ ಕೋನ ನೋಡುವುದು ಎಲ್ಲಿ ಅಂದರೆ ಹಾರಿದ ತುತ್ತತುದಿಯಲ್ಲಿ. ಇದನ್ನು ತಂದೆ ತಾಯಿಯರು ತುಂಬಾ ಜನ ಗಮನಿಸುವುದಿಲ್ಲ. 30 ಸೆಂಟಿಮೀಟರ್ ಎತ್ತರ ಹಾರಿದ ಮಗು ಗಾಳಿಯಲ್ಲಿ ಇರುವುದು ಒಟ್ಟು ಅರ್ಧ ಸೆಕೆಂಡ್. ಅದರಲ್ಲಿ ಮೇಲೆ ಹೋಗಲು ಅರ್ಧ, ಇಳಿಯಲು ಅರ್ಧ. ತುದಿಗೆ ಮುಟ್ಟುವಾಗ ಕಾಲು ತೆರೆದು ಆಗಿರಬೇಕು, ತೆರೆಯುತ್ತಾ ಇರುವುದಲ್ಲ. ಎಷ್ಟೋ ಮಕ್ಕಳು ಪಾಪ ಕಾಲನ್ನು ಪೂರ್ತಿ ತೆರೆಯುತ್ತಾರೆ, ಆದರೆ ಇಳಿಯುವಾಗ. ದೂರದಿಂದ ನೋಡುವವರಿಗೆ "ತೆರೆದಳಲ್ಲ" ಅಂತಲೇ ಕಾಣುತ್ತದೆ. ನಮ್ಮ ಹಾಳೆಯಲ್ಲಿ ಅದು 0.3.

ಜೊತೆಗೆ ಬೇರೆ ಬೇರೆ ಕಟ್ ಉಂಟು. ಮೊಣಕಾಲು ಬಾಗಿದರೆ ಬಾಗಿದಷ್ಟಕ್ಕೆ ತಕ್ಕಂತೆ 0.1, 0.3, ತುಂಬಾ ಆದರೆ 0.5. ಪಾದ ಚಾಚದಿದ್ದರೆ 0.1. ಎರಡು ಕಾಲೂ ನೆಲಕ್ಕೆ ಸಮಾಂತರ ಇರದೆ ಒಂದು ಮೇಲೆ ಒಂದು ಕೆಳಗೆ ಇದ್ದರೆ ಅದಕ್ಕೂ ಹೋಗುತ್ತದೆ. ಇಳಿಯುವಾಗ ಒಂದು ಹೆಜ್ಜೆ ಜಾರಿದರೆ ಅದಕ್ಕೆ ಬೇರೆ.

ಯಜಮಾನರ ಬೇಸರ ನನಗೆ ಅರ್ಥ ಆಗುತ್ತದೆ. ನಾನೂ ಚಿಕ್ಕಂದಿನಲ್ಲಿ ರಾತ್ರಿಯಿಡೀ ಆಟ ನೋಡಿದವ. ಧೀಂಗಿಣದಲ್ಲಿ ನಮ್ಮ ಕಣ್ಣು ಹೋಗುವುದು ಎಷ್ಟು ಎತ್ತರ, ಎಷ್ಟು ಸುತ್ತು, ಚೆಂಡೆಯ ಪೆಟ್ಟಿಗೆ ಸರಿಯಾಗಿ ನೆಲ ಮುಟ್ಟಿದನಾ ಅಂತ. ಕಾಲು ಮಡಚಿಯೇ ಇರುತ್ತದೆ, ಅದು ಅಲ್ಲಿ ತಪ್ಪಲ್ಲ. ಸ್ಪ್ಲಿಟ್ ಲೀಪ್‌ನಲ್ಲಿ ಎತ್ತರ ಬೇಕು, ಸಾಲದಿದ್ದರೆ ಅದಕ್ಕೂ ಕಟ್ ಉಂಟು, ಆದರೆ ಎತ್ತರ ಇರುವುದೇ ಆ ಆಕಾರಕ್ಕೆ ಸಮಯ ಸಿಗಲಿ ಅಂತ. ಕೆಳಗೆ ಹಾರಿದ ಆ ಇನ್ನೊಂದು ಹುಡುಗಿ ತುದಿಯಲ್ಲಿ 170 ಡಿಗ್ರಿ ತೋರಿಸಿದ್ದರೆ ಅವಳಿಗೆ ಕೋನಕ್ಕೆ 0.1 ಮಾತ್ರ ಹೋಗಿರುತ್ತದೆ. ನಮ್ಮ ದೇಶದಲ್ಲಿ ಜಿಮ್ನಾಸ್ಟಿಕ್ಸ್ ಅಂದ ಕೂಡಲೇ ದೀಪಾ ಕರ್ಮಾಕರ್ ನೆನಪಾಗುತ್ತಾರೆ, 2016ರ ರಿಯೋ ಒಲಿಂಪಿಕ್ಸ್‌ನಲ್ಲಿ 15.066 ತೆಗೆದು ವಾಲ್ಟ್‌ನಲ್ಲಿ (ಓಡಿ ಬಂದು ಮೇಜಿನ ಮೇಲೆ ಕೈಯೂರಿ ಹಾರುವುದು) ನಾಲ್ಕನೆಯವರಾದವರು. ಆದರೆ ವಾಲ್ಟ್‌ನಲ್ಲಿ ಸ್ಪ್ಲಿಟ್ ಲೀಪ್ ಇಲ್ಲ. ಹಾಗಾಗಿ ಫ್ಲೋರ್, ಬೀಮ್‌ನಲ್ಲಿ (ಎತ್ತರದ ಕಿರಿದಾದ ಹಲಗೆಯ ಮೇಲೆ ಮಾಡುವುದು) ಈ ಸಣ್ಣ ಸಣ್ಣ ಜಿಗಿತಗಳು ಅಂಕವನ್ನು ಹೇಗೆ ತಿನ್ನುತ್ತವೆ ಅಂತ ನಮ್ಮಲ್ಲಿ ಯಾರೂ ಜಾಸ್ತಿ ಮಾತಾಡುವುದಿಲ್ಲ.

ಒಂದು ಲೆಕ್ಕ ನೋಡಿ. ಸ್ಪ್ಲಿಟ್ ಲೀಪ್ ಎ ದರ್ಜೆಯದ್ದು, ಅಂದರೆ ಎಲ್ಲಕ್ಕಿಂತ ಸುಲಭದ ದರ್ಜೆ, ಬೆಲೆ 0.1. ಅದಕ್ಕೆ 0.3 ಕಟ್ ಆದರೆ ಮಾಡಿದ್ದಕ್ಕಿಂತ ಕಳೆದುಕೊಂಡದ್ದೇ ಜಾಸ್ತಿ. ಹಾಗಂತ ಬಿಡುವ ಹಾಗೂ ಇಲ್ಲ. ದೊಡ್ಡವರ ನಿಯಮದಲ್ಲಿ ಫ್ಲೋರ್‌ನಲ್ಲಿ ಎರಡು ಬೇರೆ ಬೇರೆ ಲೀಪ್ ಅಥವಾ ಹಾಪ್‌ಗಳ ಒಂದು ಸಾಲು ಇರಲೇಬೇಕು, ಅದರಲ್ಲಿ ಒಂದು 180 ಡಿಗ್ರಿ ಸ್ಪ್ಲಿಟ್‌ನದ್ದು. ಅದಕ್ಕೇ 0.5 ಇಟ್ಟಿದ್ದಾರೆ. 45 ಡಿಗ್ರಿಗಿಂತ ಜಾಸ್ತಿ ಕಮ್ಮಿ ಆಗಿ ಆ ಜಿಗಿತ ಲೆಕ್ಕದಿಂದಲೇ ಹೊರಗೆ ಹೋದರೆ 0.1 ಮಾತ್ರ ಅಲ್ಲ, ಆ 0.5 ಕೂಡ ಕೈತಪ್ಪುತ್ತದೆ. ಇಂಥ ಮೂರು ಜಿಗಿತಕ್ಕೆ 0.3ರಂತೆ ಹೋದರೆ 0.9. ಒಮ್ಮೆ ಬಿದ್ದರೆ ಹೋಗುವುದು 1.0. ಅಂದರೆ ಬೀಳದೆಯೇ ಹೆಚ್ಚು ಕಮ್ಮಿ ಬಿದ್ದಷ್ಟು ನಷ್ಟ.

ಪ್ರಶ್ನೆ ಮಾಡುವ ಬಗ್ಗೆ: ಕೋಚ್ ಅರ್ಜಿ ಕೊಡಬಹುದಾದದ್ದು ಡಿ ಸ್ಕೋರ್ (ಮಾಡಿದ್ದರ ಕಷ್ಟಕ್ಕೆ ಸಿಗುವ ಅಂಕ) ಬಗ್ಗೆ ಮಾತ್ರ. ಅಂದರೆ ಈ ಜಿಗಿತವನ್ನು ನೀವು ಲೆಕ್ಕಕ್ಕೆ ಹಿಡಿದಿಲ್ಲ ಯಾಕೆ, ದರ್ಜೆ ಇಳಿಸಿದ್ದು ಯಾಕೆ, ಈ ತರಹದ್ದು. 0.3 ಯಾಕೆ, 0.1 ಯಾಕಲ್ಲ ಅನ್ನುವುದು ಇ ಸ್ಕೋರ್ (ಎಷ್ಟು ಚೊಕ್ಕ ಮಾಡಿದಳು ಅನ್ನುವುದರ ಅಂಕ), ಅದಕ್ಕೆ ಅರ್ಜಿ ಇಲ್ಲ.

ಕದ್ರಿ_ಬೀಮ್

ನಾನು ಶಾಲೆ, ಕಾಲೇಜಿನಲ್ಲಿ ಒಂಬತ್ತು ವರ್ಷ ಮಾಡಿದವಳು, ಈಗ ಮಂಗಳೂರಿನಲ್ಲಿ ಚಿಕ್ಕ ಮಕ್ಕಳಿಗೆ ಹೇಳಿಕೊಡುತ್ತೇನೆ. ಜಡ್ಜ್ ಅಣ್ಣ ಹೇಳಿದ್ದು ಸರಿ. ಆದರೆ ಅಕ್ಕ ಕೇಳಿದ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕು. ಒತ್ತುವುದು ಬೇಡ. ದಯವಿಟ್ಟು ಬೇಡ. ಮಗು ಅಳುವಷ್ಟು ಯಾರೂ ಮೇಲಿನಿಂದ ಒತ್ತಬಾರದು, ಅದರಲ್ಲೂ 11 ವರ್ಷ ಅಂದರೆ ಮೈ ಬೆಳೆಯುವ ವಯಸ್ಸು. ತೊಡೆಯ ಹಿಂದೆ, ಕೂರುವ ಮೂಳೆಯ ಹತ್ತಿರ ನೋವು ಅಂದರೆ ಅಲ್ಲಿಗೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ನನಗೆ ಆ ನೋವು 13ನೇ ವಯಸ್ಸಿಗೆ ಬಂದು ಒಂದು ವರ್ಷ ಬಿಡಲಿಲ್ಲ.

ಇನ್ನು, ಅವಳಿಗೆ ಒತ್ತುವ ಅಗತ್ಯವೇ ಇಲ್ಲ. ಮಣೆಯ ಮೇಲೆ ಕಾಲಿಟ್ಟು ಕೂರುವ ಮಗುವಿಗೆ ಮೈ ಬಗ್ಗುವುದು ಸಾಕಷ್ಟು ಉಂಟು. ನೆಲದಲ್ಲಿ ಕೂತಾಗ ಕಾಲು ತೆರೆಯುವುದು ಅವಳ ಮೈಭಾರ. ಗಾಳಿಯಲ್ಲಿ ಭಾರ ಒತ್ತಲು ನೆಲ ಎಲ್ಲಿದೆ? ಅಲ್ಲಿ ಅವಳ ಸ್ನಾಯುವೇ ಎರಡು ಕಾಲನ್ನೂ ಎಳೆದು ಎತ್ತಬೇಕು, ಅದೂ ಅರ್ಧ ಸೆಕೆಂಡಿನ ಒಳಗೆ. ಹಾಗಾಗಿ ಕೂರುವ ಸ್ಪ್ಲಿಟ್ ಬೇರೆ, ಹಾರುವ ಸ್ಪ್ಲಿಟ್ ಬೇರೆ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಗೋಡೆ ಹಿಡಿದು ನಿಲ್ಲಲಿ, ಒಂದು ಕಾಲನ್ನು ಕೈ ತಾಗಿಸದೆ ಮುಂದೆ ಎತ್ತಿ ಐದು ಎಣಿಸುವಷ್ಟು ಹೊತ್ತು ನಿಲ್ಲಿಸಲಿ. ಎಷ್ಟು ಎತ್ತರಕ್ಕೆ ನಿಲ್ಲುತ್ತದೆ ನೋಡಿ. ಹಾಗೇ ಹಿಂದೆ, ಬೆನ್ನು ಮುಂದಕ್ಕೆ ಬಾಗದೆ, ಸೊಂಟ ಪಕ್ಕಕ್ಕೆ ತಿರುಗದೆ. ಹಿಂದಿನದ್ದು ನೋಡಿದರೆ ನಿಮಗೆ ಆಶ್ಚರ್ಯ ಆಗಬಹುದು. ನೆಲದಲ್ಲಿ ಚಪ್ಪಟೆ ಕೂರುವ ಮಕ್ಕಳಿಗೂ ಹಿಂದಿನ ಕಾಲು ಮೊಣಕಾಲಿನಷ್ಟು ಎತ್ತರ ಬರುವುದೇ ಕಷ್ಟ. ಲೀಪ್‌ನಲ್ಲಿ ನೆಲವನ್ನು ಒದ್ದು ಮೇಲೆ ಕಳಿಸುವುದು ಅದೇ ಕಾಲು. ಮುಂದಿನ ಕಾಲಿಗೆ ಓಟದ ಬೀಸು ಸಿಗುತ್ತದೆ, ಅದು ಬೇಗ ಹೋಗಿ ತನ್ನ ಜಾಗದಲ್ಲಿ ನಿಲ್ಲುತ್ತದೆ. ಹಿಂದಿನದ್ದು ಎಲ್ಲಕ್ಕಿಂತ ಕೊನೆಗೆ ನೆಲ ಬಿಡುತ್ತದೆ, ಆದರೆ ತುದಿಗೆ ಅದೇ ಹೊತ್ತಿಗೆ ಮುಟ್ಟಬೇಕು. ತಡ ಆಗುವುದು ಯಾವಾಗಲೂ ಅದೇ.

ಸ್ಪ್ಲಿಟ್ ಜಂಪ್‌ನಲ್ಲಿ ಕಷ್ಟ ಬೇರೆ ತರಹ. ಎರಡು ಕಾಲಿನಿಂದ ಹಾರುವುದು, ಓಟ ಇಲ್ಲ, ಬೀಸು ಇಲ್ಲ. ಎತ್ತರ ಪೂರ್ತಿ ಪಾದ, ಮೀನಖಂಡ, ತೊಡೆಯಿಂದಲೇ ಬರಬೇಕು. ಬೀಮ್ ಮೇಲೆ ಅಂದರೆ ಇನ್ನೂ ಕಷ್ಟ, 10 ಸೆಂಟಿಮೀಟರ್ ಅಗಲ, ನೆಲದಿಂದ 125 ಸೆಂಟಿಮೀಟರ್ ಮೇಲೆ. ಇಳಿಯುವ ಜಾಗದ ಹೆದರಿಕೆಗೆ ಮಕ್ಕಳು ಹಿಂದಿನ ಕಾಲನ್ನು ಬೇಗ ಇಳಿಸಿಬಿಡುತ್ತಾರೆ. ನಾನೂ ಇಳಿಸುತ್ತಿದ್ದೆ. ನೆಲದ ಮೇಲೆ ಗೆರೆ ಎಳೆದು ಅದರ ಮೇಲೆ ನೂರಾರು ಸಲ ಮಾಡಿದ ಮೇಲೆಯೇ ಅದು ಬಿಟ್ಟದ್ದು.

ನಿಮ್ಮ ಕೈಯಲ್ಲಿ ಆಗುವುದು ಒಂದು ಉಂಟು. ಪಕ್ಕದಿಂದ, ಸರಿಯಾಗಿ ಪಕ್ಕದಿಂದ, ಸ್ಲೋ ಮೋಷನ್‌ನಲ್ಲಿ ವಿಡಿಯೋ ಮಾಡಿ. ತುದಿಯ ಫ್ರೇಮ್ ನಿಲ್ಲಿಸಿ ನೋಡಿ. ಮತ್ತೆ ಇಲ್ಲಿ ಬರೆಯಿರಿ.

ಮಣಿಪಾಲ_ಫ್ಯಾನ್

ಜಡ್ಜ್ ಸರ್, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಕೇಳುತ್ತೇನೆ. 20 ಡಿಗ್ರಿ, 45 ಡಿಗ್ರಿ ಅಂತ ಕಾಗದದಲ್ಲಿ ಚೆನ್ನಾಗಿದೆ. ಓಡುತ್ತಿರುವ ಮಗುವಿನ ಕಾಲಿನ ನಡುವೆ 158 ಇದೆಯೋ 162 ಇದೆಯೋ ಅಂತ ಬರಿಗಣ್ಣಿಗೆ ಹೇಗೆ ಗೊತ್ತಾಗುತ್ತದೆ? ಒಂದು ಕಡೆ 0.3, ಇನ್ನೊಂದು ಕಡೆ 0.1. ಅಷ್ಟರಲ್ಲಿ ಪದಕವೇ ಹೋಗುತ್ತದೆ.

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆದದ್ದೇ ನೋಡಿ. 2024ರ ಆಗಸ್ಟ್ 5, ಮಹಿಳೆಯರ ಫ್ಲೋರ್ ಫೈನಲ್. ಬ್ರೆಜಿಲ್‌ನ ರೆಬೆಕಾ ಆಂಡ್ರಾಡೆ 14.166, ಅಮೆರಿಕದ ಸಿಮೋನ್ ಬೈಲ್ಸ್ 14.133. ಮೂರನೇ ಜಾಗಕ್ಕೆ ರೊಮೇನಿಯಾದ ಆನಾ ಬರ್ಬೋಸು 13.700. ಕೊನೆಗೆ ಬಂದ ಅಮೆರಿಕದ ಜೋರ್ಡನ್ ಚೈಲ್ಸ್‌ಗೆ ಮೊದಲು 13.666 ಕೊಟ್ಟರು. ಒಂದು ಸುತ್ತು ತಿರುಗುವ ಲೀಪ್‌ಗೆ ಪೂರ್ತಿ ಬೆಲೆ ಕೊಟ್ಟಿಲ್ಲ ಅಂತ ಅವರ ಕೋಚ್ ಅರ್ಜಿ ಹಾಕಿದರು, 0.1 ಏರಿ 13.766 ಆಯಿತು, ಕಂಚು ಅವರ ಕೊರಳಿಗೆ ಬಂತು. ಆಮೇಲೆ ಅರ್ಜಿ ಕೊಟ್ಟದ್ದು 1 ನಿಮಿಷ 4 ಸೆಕೆಂಡಿಗೆ, 1 ನಿಮಿಷದೊಳಗೆ ಕೊಡಬೇಕಿತ್ತು ಅಂತ ಕ್ರೀಡಾ ಮಧ್ಯಸ್ಥಿಕೆ ನ್ಯಾಯಾಲಯ ಹೇಳಿತು, ಕಂಚು ಬರ್ಬೋಸುಗೆ ಹೋಯಿತು. ಇಡೀ ಜಗಳದ ಬುಡ ಒಂದು ಲೀಪ್, ಒಂದು 0.1. ಎರಡೂ ಕಡೆಯ ಹುಡುಗಿಯರು ಅತ್ತದ್ದನ್ನು ನೋಡಿ ನನಗೆ ಆ ವಾರ ಬೇರೆ ಏನೂ ನೋಡಲು ಮನಸ್ಸಾಗಲಿಲ್ಲ.

ಫುಜಿತ್ಸು ಕಂಪನಿಯ ಯಂತ್ರ ಉಂಟು, ಮೈಯ ಚಲನೆಯನ್ನು ಅಳೆದು ಕೋನ ಹೇಳುವಂಥದ್ದು. 2019ರ ಸ್ಟುಟ್‌ಗಾರ್ಟ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಶುರು ಮಾಡಿದರು, 2023ರ ಆಂಟ್ವರ್ಪ್‌ಗೆ ಬರುವಾಗ ಗಂಡಸರದ್ದು ಹೆಂಗಸರದ್ದು ಸೇರಿ ಹತ್ತೂ ಉಪಕರಣಗಳಿಗೆ ತಂದರು. ಅಂಥದ್ದು ಎಲ್ಲ ಕಡೆ ಬರಬೇಕು ಅಂತ ನನ್ನ ಅಭಿಪ್ರಾಯ.

ಕುಡ್ಲ_ಜಡ್ಜ್

ಮಣಿಪಾಲದವರೇ, ಒಳ್ಳೆಯ ಪ್ರಶ್ನೆ. 158ಕ್ಕೂ 162ಕ್ಕೂ ವ್ಯತ್ಯಾಸ ಕಣ್ಣಿಗೆ ಗೊತ್ತಾಗುವುದಿಲ್ಲ, ಒಪ್ಪುತ್ತೇನೆ. ಅದಕ್ಕೇ ದೊಡ್ಡ ಸ್ಪರ್ಧೆಗಳಲ್ಲಿ ಹಲವಾರು ಜನ ಕೂರುತ್ತಾರೆ, ಜಾಸ್ತಿ ಕೊಟ್ಟದ್ದನ್ನೂ ಕಮ್ಮಿ ಕೊಟ್ಟದ್ದನ್ನೂ ತೆಗೆದು ನಡುವಿನದ್ದರ ಸರಾಸರಿ ಹಿಡಿಯುತ್ತಾರೆ. ನಮ್ಮ ಊರಿನ ಸ್ಪರ್ಧೆಯಲ್ಲಿ ಇಬ್ಬರೋ ಮೂವರೋ ಕೂತರೆ ಅದೇ ದೊಡ್ಡದು. ಯಂತ್ರ ಬಂದರೆ ನಾನು ಬೇಡ ಅನ್ನುವುದಿಲ್ಲ.

ಆದರೆ ಒಂದು ಮಾತು. ನಾವು ಡಿಗ್ರಿ ಅಳೆಯುವುದಿಲ್ಲ, ಆಕಾರ ನೋಡುತ್ತೇವೆ. 180 ಅಂದರೆ ಒಂದು ನೇರ ಗೆರೆ. ಗೆರೆ ಮುರಿದದ್ದು ಕಣ್ಣಿಗೆ ಕೂಡಲೇ ತಾಗುತ್ತದೆ. ಮನೆಯ ಮಾಡಿನ ಪಕ್ಕಾಸು ಸ್ವಲ್ಪ ಬಾಗಿದರೆ ಆಚಾರಿಗೆ ಅಳತೆಪಟ್ಟಿ ಇಲ್ಲದೆ ಗೊತ್ತಾಗುತ್ತದಲ್ಲ, ಹಾಗೆ. ಸ್ವಲ್ಪ ಮುರಿದರೆ 0.1, ಚೆನ್ನಾಗಿ ಮುರಿದರೆ 0.3, ಗಡಿಯಲ್ಲಿ ಇರುವವರಿಗೆ ಮಾತ್ರ ಕಷ್ಟ.

ಕೋಚ್‌ಗಳು ಇದನ್ನೂ ಗಮನಿಸಬೇಕು: ನಾವು ಎಲ್ಲಿ ಕೂತಿದ್ದೇವೆ ಅಂತ. ಮಗು ನಮ್ಮ ಮುಖಕ್ಕೆ ನೇರ ಓಡಿ ಬಂದು ಲೀಪ್ ಮಾಡಿದರೆ ಮುಂದಿನ ಪಾದ ಮತ್ತು ಮುಖ ಕಾಣುತ್ತದೆ, ಸ್ಪ್ಲಿಟ್ ಕಾಣುವುದೇ ಇಲ್ಲ. ಪಕ್ಕದಿಂದ ಹಾದು ಹೋಗುವ ಹಾಗೆ ಸಾಲು ಇಡಿ. ಕಾಲನ್ನು ಎರಡು ಬದಿಗೆ ತೆರೆಯುವ ಜಿಗಿತ ಆದರೆ ಉಲ್ಟಾ, ನಮ್ಮ ಎದುರಿಗೆ ಮಾಡಿಸಿ.

ಇನ್ನೊಂದು, ಅಕ್ಕನಿಗೆ ಮುಂದೆ ಬೇಕಾಗುತ್ತದೆ ಅಂತ ಹೇಳುತ್ತೇನೆ. ಸ್ಪ್ಲಿಟ್ ಲೀಪ್ ಸರಿಯಾಗುವ ಮೊದಲೇ ಸ್ವಿಚ್ ಲೀಪ್‌ಗೆ ಹೋಗಬೇಡಿ. ಸ್ವಿಚ್‌ನಲ್ಲಿ ಮುಂದೆ ಬೀಸಿದ ಕಾಲು ಕಡಿಮೆ ಅಂದರೆ 45 ಡಿಗ್ರಿ ಏರಿ ಆಮೇಲೆ ಹಿಂದೆ ಹೋಗಬೇಕು. ಏರದಿದ್ದರೆ ನಾವು ಬರೆಯುವುದು ಬರೀ ಸ್ಪ್ಲಿಟ್ ಲೀಪ್ ಅಂತ. ರಿಂಗ್ ಲೀಪ್ ಅಂದರೆ ಬೆನ್ನು ಬಾಗಬೇಕು, ತಲೆ ಹಿಂದೆ ಬೀಳಬೇಕು, ಹಿಂದಿನ ಪಾದ ತಲೆಯ ಎತ್ತರಕ್ಕೆ ಬರಬೇಕು. ಟಿವಿಯಲ್ಲಿ ನೋಡಿ ಮಕ್ಕಳಿಗೆ ಆಸೆ ಆಗುತ್ತದೆ. ಗೋಗಿಯನ್, ಜಾನ್ಸನ್, ಪೋಪಾ ಅಂತ ಜಿಗಿತಗಳಿಗೆ ಜಿಮ್ನಾಸ್ಟ್‌ಗಳ ಹೆಸರೇ ಉಂಟಲ್ಲ, ನನಗೂ ಆ ಹೆಸರು ಕೇಳಿದರೆ ಖುಷಿ. ಆದರೆ ಮುರಿದ ಬಿ ದರ್ಜೆ ಸ್ವಿಚ್‌ಗೆ 0.2 ಸಿಕ್ಕಿ 0.3 ಹೋಗುವುದಕ್ಕಿಂತ ನೇರ ಗೆರೆಯ ಎ ದರ್ಜೆಯ 0.1 ಎಷ್ಟೋ ಮೇಲು.

ಉಡುಪಿ_ಅಮ್ಮ

ಎಲ್ಲರಿಗೂ ತುಂಬಾ ಉಪಕಾರ. ನಿನ್ನೆ ಪ್ರಾಕ್ಟೀಸ್ ಮುಗಿದ ಮೇಲೆ ವಿಡಿಯೋ ಮಾಡಿದೆ. ಹೊರಗೆ ಜೋರು ಮಳೆ, ತಗಡಿನ ಮಾಡಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ, ಕೈಸನ್ನೆಯಲ್ಲೇ ಆರು ಸಲ ಹಾರಿಸಿದೆ. ಮನೆಗೆ ಬಂದು ಫೋನನ್ನು ಮೇಜಿನ ಮೇಲೆ ಇಟ್ಟು, ತುದಿಯ ಫ್ರೇಮ್ ನಿಲ್ಲಿಸಿ, ಅವಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕವನ್ನು ಸ್ಕ್ರೀನ್ ಮೇಲೆಯೇ ಇಟ್ಟೆವು.

ಮುಂದಿನ ಕಾಲು ನೆಲಕ್ಕೆ ಸರಿಯಾಗಿ ಸಮಾಂತರ, ಗೆರೆ ಎಳೆದ ಹಾಗೆ. ಹಿಂದಿನದ್ದು 30 ಡಿಗ್ರಿ ಕೆಳಗೆ ಜೋತು ಬಿದ್ದಿದೆ. ಅಂದರೆ 150. ಆಮೇಲೆ ಒಂದೊಂದೇ ಫ್ರೇಮ್ ಮುಂದೆ ತಳ್ಳಿದೆ. ತಲೆ ಕೆಳಗೆ ಬರಲು ಶುರು ಆಗಿದೆ, ಆಗ ಹಿಂದಿನ ಕಾಲು ಏರುತ್ತದೆ, 165 ತನಕ ಹೋಗುತ್ತದೆ, ಅಷ್ಟರಲ್ಲಿ ಮುಂದಿನ ಪಾದ ನೆಲಕ್ಕೆ ಹತ್ತಿರ. ಆರರಲ್ಲಿ ಐದು ಸಲ ಹಾಗೇ. ಜಡ್ಜ್ ಅಣ್ಣ ಬರೆದದ್ದನ್ನೇ ಕಣ್ಣೆದುರು ನೋಡಿದ ಹಾಗಾಯಿತು.

ಯಜಮಾನರು ಮೂರು ಸಲ ನೋಡಿ, "ಹೌದು, ಕಾಲು ತಾಳಕ್ಕೆ ಹಿಂದೆ ಬಿದ್ದಿದೆ" ಅಂದರು. ಮಗಳಿಗೆ ಅಳು ಬರುತ್ತದೇನೋ ಅಂದುಕೊಂಡಿದ್ದೆ. ಅವಳು ಫೋನ್ ಕಿತ್ತುಕೊಂಡು "ಇದೊಂದು ಕಾಲು ಮಾತ್ರ ಅಲ್ವಾ ಅಮ್ಮ" ಅಂತ ಗೋಡೆ ಹಿಡಿದು ಹಿಂದಕ್ಕೆ ಎತ್ತಲು ಶುರು ಮಾಡಿದಳು. ಮೊಣಕಾಲಿನಷ್ಟು ಎತ್ತರಕ್ಕೆ ಎರಡು ಎಣಿಸುವಷ್ಟರಲ್ಲಿ ನಡುಗಿತು, ಐದು ಆಗಲಿಲ್ಲ. ಕೋಚ್ ಹತ್ತಿರ ಇವತ್ತು ವಿಡಿಯೋ ತೋರಿಸಿ, ಒತ್ತುವುದು ಬೇಡ ಅಂತ ಹೇಳಿ ಬಂದೆ. ಒಪ್ಪಿದರು.

ಕದ್ರಿಯವರೇ, ಈ ಹಿಂದಿನ ಕಾಲಿಗೆ ದಿನಕ್ಕೆ ಎಷ್ಟು ಮಾಡಿಸಲಿ?

ಕದ್ರಿ_ಬೀಮ್

ಅಕ್ಕ, ತುಂಬಾ ಖುಷಿ ಆಯಿತು ಓದಿ. ಮೊದಲ ಎರಡು ವಾರ ಜಾಸ್ತಿ ಬೇಡ. ಗೋಡೆ ಹಿಡಿದು ಹಿಂದಕ್ಕೆ ಎತ್ತಿ ಮೂರು ಎಣಿಸುವುದು, ಒಂದೊಂದು ಕಾಲಿಗೆ ಎಂಟು ಸಲ, ದಿನ ಬಿಟ್ಟು ದಿನ. ಎರಡೂ ಕಾಲಿಗೆ ಮಾಡಿಸಿ, ಒಂದೇ ಕಾಲಿಗೆ ಅಲ್ಲ. ಸೊಂಟದ ಎರಡೂ ಮೂಳೆ ಗೋಡೆಯ ಕಡೆಗೇ ನೋಡುತ್ತಿರಬೇಕು, ನೀವು ಹಿಂದೆ ನಿಂತು ಎರಡು ಬೆರಳಿಟ್ಟು ಹಿಡಿದರೆ ತಿರುಗಿದ ಕೂಡಲೇ ನಿಮಗೆ ಗೊತ್ತಾಗುತ್ತದೆ. ಕಾಲು ಕಮ್ಮಿ ಎತ್ತರ ಹೋದರೂ ಅಡ್ಡಿಲ್ಲ.

ಆಮೇಲೆ ಲೀಪ್‌ಗೆ ಓಟ ಬೇಡ, ಎರಡೇ ಹೆಜ್ಜೆ. ನೆಲ ಒದ್ದ ಕೂಡಲೇ ಹಿಮ್ಮಡಿಯನ್ನು ಹಿಂದಿನ ಗೋಡೆಗೆ ಹೊಡೆಯುವ ಹಾಗೆ ಎಸೆ ಅಂತ ಹೇಳಿ. ನಾನು ಮಕ್ಕಳಿಗೆ ಹಾಗೇ ಹೇಳುವುದು, ಮುಂದಿನ ಕಾಲಿನ ಬಗ್ಗೆ ಮಾತೇ ಆಡುವುದಿಲ್ಲ. ಮಣೆಯ ಮೇಲೆ ಕೂರುವುದನ್ನು ಈಗ ಸ್ವಲ್ಪ ದಿನ ನಿಲ್ಲಿಸಬಹುದು. ತಿಂಗಳು ಬಿಟ್ಟು ಅದೇ ಜಾಗದಿಂದ, ಅದೇ ದೂರದಿಂದ ಮತ್ತೆ ವಿಡಿಯೋ ಮಾಡಿ, ಕೋನಮಾಪಕ ಇಟ್ಟು ಎಷ್ಟು ಬಂತು ಅಂತ ಇಲ್ಲಿ ಹಾಕಿ.